ನಾಮಾನನಿಗೆ ಸಿಟ್ಟು ಯಾಕೆ ಬಂತು, ಅದನ್ನು ಬರೆಯಿರಿ

ಪ್ರಿಯ ಸಹೋದರಿ,

ಚಳ್ಳಕೆರೆಯಿಂದ ನೀವು ಕಳಿಸಿದ 'ವಿಧೇಯತೆಯೇ ಆಶೀರ್ವಾದದ ಬೀಗದ ಕೈ' ಲೇಖನ ತಲುಪಿತು. ನಮ್ಮ ಸಭೆಯ ಮಾಸಪತ್ರಿಕೆಗೆ ಇದನ್ನು ಈಗಿರುವ ಹಾಗೆ ಹಾಕಲು ಆಗುವುದಿಲ್ಲ. 'ಸ್ಥಳಾಭಾವ' ಅಂತ ಒಂದು ಸಾಲು ಬರೆದು ಸುಮ್ಮನಿರಬಹುದಿತ್ತು. ಆದರೆ ನಿಮಗೆ ಬರೆಯಲು ಬರುತ್ತದೆ. ಅದಕ್ಕೇ ಇಷ್ಟುದ್ದದ ಪತ್ರ.

ನಾಲ್ಕು ಪುಟದಲ್ಲಿ ನೋಹ, ಅಬ್ರಹಾಮ, ಮೋಶೆ, ಸೌಲ, ಯೋನ, ನಾಮಾನ, ಪೇತ್ರ ಎಲ್ಲರೂ ಬಂದು ಹೋಗುತ್ತಾರೆ. ಒಬ್ಬೊಬ್ಬರಿಗೆ ಎರಡೆರಡು ಸಾಲು. ಪ್ರತಿ ಪ್ಯಾರಾದ ಕೊನೆಗೆ 'ಆದ್ದರಿಂದ ಪ್ರಿಯರೇ, ನಾವೂ ವಿಧೇಯರಾಗೋಣ.' ನಮ್ಮ ಓದುಗರು ಇದನ್ನು ಪ್ರತಿ ಭಾನುವಾರ ಪ್ರಸಂಗದಲ್ಲಿ ಕೇಳುತ್ತಾರೆ. ದೇವರ ಮಾತು ಕೇಳಬೇಕು ಅನ್ನುವುದು ಅವರಿಗೆ ಚೆನ್ನಾಗಿಯೇ ಗೊತ್ತು. ಗೊತ್ತಿದ್ದೂ ಯಾಕೆ ಕೇಳುವುದಿಲ್ಲ ಅಂತ ಯಾರಾದರೂ ಬರೆಯಬೇಕಲ್ವಾ?

ನಿಮ್ಮ ಪಟ್ಟಿಯಲ್ಲೇ ಅದಕ್ಕೆ ತಕ್ಕ ಮನುಷ್ಯ ಇದ್ದಾನೆ. 'ನಾಮಾನನು ವಿಧೇಯನಾಗಿ ಯೊರ್ದನಿನಲ್ಲಿ 7 ಸಾರಿ ಮುಳುಗಿ ವಾಸಿಯಾದನು' ಅಂತ ಒಂದೇ ಉಸಿರಿಗೆ ಮುಗಿಸಿಬಿಟ್ಟಿದ್ದೀರಿ. ಸತ್ಯವೇದದ 2 ಅರಸುಗಳು 5ನೇ ಅಧ್ಯಾಯ ಮತ್ತೆ ನಿಧಾನವಾಗಿ ಓದಿ. ಆತ ಅರಾಮ್ಯರ ಸೇನಾಪತಿ, ಕುಷ್ಠರೋಗಿ. 10 ತಲಾಂತು ಬೆಳ್ಳಿ, ಬಂಗಾರ, 10 ಜೊತೆ ಬಟ್ಟೆ ಹೇರಿಕೊಂಡು ರಥದಲ್ಲಿ ಬಂದವನು. ಪ್ರವಾದಿ ಎಲೀಷ ಬಾಗಿಲಿಗೂ ಬರಲಿಲ್ಲ. ಆಳಿನ ಕೈಲಿ 'ಹೋಗಿ ಸ್ನಾನ ಮಾಡು' ಅಂತ ಹೇಳಿ ಕಳಿಸಿದ. ನಾಮಾನನಿಗೆ ಮೈಯೆಲ್ಲ ಉರಿಯಿತು. ನಮ್ಮ ದಮಸ್ಕದ ನದಿಗಳು ಇದಕ್ಕಿಂತ ಚೆನ್ನಾಗಿಲ್ಲವಾ ಅಂತ ಕೇಳಿ ರಥ ತಿರುಗಿಸಿದ. ಆಗ ಆಳುಗಳು ಹೇಳಿದ್ದೇನು? ಪ್ರವಾದಿ ಏನಾದರೂ ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿರಲಿಲ್ಲವೇ, ಇಷ್ಟು ಸಣ್ಣದಕ್ಕೆ ಯಾಕೆ ಹಿಂದೇಟು ಅಂತ.

ನನಗೆ ನಿಮ್ಮಿಂದ ಬೇಕಾಗಿರುವುದು ಆ ಸಿಟ್ಟು. ದೇವರಿಗಾಗಿ 40 ದಿನ ಉಪವಾಸ ಮಾಡುವ ನಮ್ಮವರಿಗೆ ಪಾಲು ಕೇಳಿದ ತಮ್ಮನ ಜೊತೆ ರಾಜಿಯಾಗಲು ಆಗುವುದಿಲ್ಲ. ದೊಡ್ಡ ಆಜ್ಞೆಗೆ ತಯಾರು, ಸಣ್ಣದಕ್ಕೆ ಮರ್ಯಾದೆ ಅಡ್ಡ. ಇಡೀ ಲೇಖನ ಇದೊಂದರ ಮೇಲೇ ನಿಲ್ಲುತ್ತದೆ.

ಅಮಾಲೇಕ್ಯರನ್ನು ದನಕುರಿ ಸಮೇತ ನಾಶಮಾಡು ಎಂಬ ಆಜ್ಞೆ ಪಡೆದ ಅರಸ ಸೌಲನ ಕಥೆ ಇನ್ನೂ ಬಿಗಿಯಾಗಿದೆ, ನಿಜ. ಒಳ್ಳೆಯ ಕುರಿ ದನ ಉಳಿಸಿಕೊಂಡು 'ಇದು ದೇವರ ಯಜ್ಞಕ್ಕೆ' ಅನ್ನುವವನು ಎಲ್ಲ ಕಾಲದಲ್ಲೂ ಇದ್ದಾನೆ. ಆದರೆ 1 ಸಮುವೇಲ 15ರ 3ನೇ ವಚನದಲ್ಲಿ ಎಳೆಗೂಸುಗಳನ್ನೂ ಕೊಲ್ಲಬೇಕೆಂಬ ಆಜ್ಞೆ ಇದೆ. ಅದನ್ನು ಜಾರಿಸಿ, ಯಜ್ಞಕ್ಕಿಂತ ಮಾತು ಕೇಳುವುದೇ ಉತ್ತಮ ಅನ್ನುವ 22ನೇ ವಚನ ಮಾತ್ರ ಎತ್ತಿಕೊಂಡರೆ, ಪುಸ್ತಕ ತೆರೆದು ನೋಡುವ ಹುಡುಗ ನಿಮ್ಮನ್ನು ನಂಬುವುದಿಲ್ಲ. ಅದನ್ನು ಎದುರಿಸಲು ಬೇರೆ ಲೇಖನವೇ ಬೇಕು. ಸದ್ಯಕ್ಕೆ ಬಿಡಿ.

ಈಗ ಕಷ್ಟದ ಮಾತು. ಎರಡನೇ ಪುಟದಲ್ಲಿ 'ದೇವರ ಆಜ್ಞೆಗೆ ಕಿವಿಗೊಟ್ಟವನ ಹೊಲಕ್ಕೆ ಮಳೆ ತಪ್ಪದು' ಅಂತ ಬರೆದಿದ್ದೀರಿ. ಆಧಾರಕ್ಕೆ ಧರ್ಮೋಪದೇಶಕಾಂಡ 28. ಅಲ್ಲಿ ಮಳೆಯ ಮಾತಿದೆ, ಒಪ್ಪುತ್ತೇನೆ. ಆದರೆ ಅದು ಕಾನಾನಿಗೆ ಹೊರಟಿದ್ದ ಇಸ್ರಾಯೇಲ್ಯರಿಗೆ ಮೋವಾಬಿನಲ್ಲಿ ಮೋಶೆ ಹೇಳಿದ್ದು. ಒಬ್ಬೊಬ್ಬ ರೈತನ ಎರಡೆಕರೆಗೆ ಕೊಟ್ಟ ಗ್ಯಾರಂಟಿ ಹಾಗೆ ಅದನ್ನು ಓದಬಾರದು. ನೀತಿವಂತರ ಮೇಲೂ ಅನೀತಿವಂತರ ಮೇಲೂ ತಂದೆ ಮಳೆ ಸುರಿಸುತ್ತಾನೆ ಅಂತ ಯೇಸು ಸ್ವಾಮಿಯೇ ಹೇಳಿದ್ದಾರೆ, ಮತ್ತಾಯ 5:45. ನಿಮ್ಮದು ರಾಜ್ಯದಲ್ಲೇ ತೀರಾ ಕಡಿಮೆ ಮಳೆಯ ತಾಲ್ಲೂಕುಗಳಲ್ಲೊಂದು. ಶೇಂಗಾ ಬಿತ್ತಿ ಮೋಡ ನೋಡುತ್ತಾ ಕೂತವರನ್ನು ನೀವು ನನಗಿಂತ ಜಾಸ್ತಿ ಕಂಡಿದ್ದೀರಿ. ಬೋರ್‌ವೆಲ್ ಕೊರೆಸಿ ಸಾಲ ಮಾತ್ರ ಉಳಿದವನೊಬ್ಬ ನಿಮ್ಮ ಸಾಲು ಓದಿದರೆ ಏನು ತಿಳಿಯಬೇಕು? ಇಲ್ಲಿ ದಾವಣಗೆರೆ ಸುತ್ತ ಭದ್ರಾ ನಾಲೆ ನೀರಿನಲ್ಲಿ ಭತ್ತ ಬೆಳೆಯುವವರು ಅವನಿಗಿಂತ ವಿಧೇಯರಾ? ಪ್ರವಾದಿ ಯೆರೆಮೀಯ, ದೇವರು ಹೇಳಿದ್ದನ್ನೇ ಹೇಳಿದ. ಅವನನ್ನು ಹಗ್ಗ ಕಟ್ಟಿ ಕೆಸರಿನ ಬಾವಿಗೆ ಇಳಿಸಿದರು. ನಿಮ್ಮ ಪಟ್ಟಿಯಲ್ಲಿ ಅವನೊಬ್ಬನೇ ಇಲ್ಲ.

ಕೊನೆಯ ಪುಟದಲ್ಲಿ ಇನ್ನೊಂದು ನಡೆದಿದೆ. ದೇವರ ಆಜ್ಞೆ ಮೆಲ್ಲಗೆ ಪಾಸ್ಟರ್ ಮಾತಾಗಿ, ಆಮೇಲೆ ಗಂಡನ ಮಾತಾಗಿದೆ. ಗಂಡುಕೂಸುಗಳನ್ನು ಕೊಲ್ಲಿ ಎಂದ ಫರೋಹನ ಮಾತು ಮೀರಿದ ಸೂಲಗಿತ್ತಿಯರೂ ವಿಧೇಯರೇ. ಪೇತ್ರನೂ ಮಿಕ್ಕ ಅಪೊಸ್ತಲರೂ 'ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು' ಎಂದದ್ದು ಧರ್ಮದ ಹಿರಿಯರ ಮುಖಕ್ಕೇ. ಇನ್ನು ತಂದೆತಾಯಿ, ಗುರುಹಿರಿಯರ ಮಾತು ಕೇಳಬೇಕು ಅಂತ ನಿಮ್ಮ ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಬಂಡೆಯ ಮೇಲೆ ಅಶೋಕನೂ ಬರೆಸಿದ್ದಾನೆ. ಹಾಗಾದರೆ ಸತ್ಯವೇದ ಬೇರೆ ಏನು ಹೇಳುತ್ತದೆ? ಯೋಹಾನ 14:15 ನೋಡಿ. ಅಲ್ಲಿ ಆಜ್ಞೆಗಿಂತ ಮೊದಲು ಪ್ರೀತಿಯ ಮಾತು ಬರುತ್ತದೆ. ನಿಮ್ಮ ನಾಲ್ಕು ಪುಟದಲ್ಲಿ ಭಯ ಬೇಕಾದಷ್ಟಿದೆ, ಪ್ರೀತಿ ಹುಡುಕಿದರೂ ಸಿಗಲಿಲ್ಲ.

ನಾಮಾನನೊಬ್ಬನನ್ನೇ ಇಟ್ಟುಕೊಂಡು ಎರಡು ಪುಟ ಬರೆದು ಕಳಿಸಿ. ವಚನಗಳು ಎರಡೋ ಮೂರೋ ಸಾಕು. 'ಪ್ರಿಯರೇ' ಒಂದೂ ಬೇಡ. ಕೈಬರಹವಾದರೂ ಪರವಾಗಿಲ್ಲ, ಹಾಳೆಯ ಒಂದೇ ಬದಿಗೆ ಬರೆಯಿರಿ. ತಿಂಗಳ 20ರೊಳಗೆ ಬಂದರೆ ಮುಂದಿನ ಸಂಚಿಕೆಗೆ ನೋಡೋಣ.

ಸಂಪಾದಕ, ದಾವಣಗೆರೆ