ಒಂದಾ, ಎರಡಾ? ಜೋಡಿ ಕ್ವೇಸಾರ್‌ಗಳ ಲೆಕ್ಕ

ಪ್ರಶ್ನೆ: ದೂರದ ಕ್ವೇಸಾರ್ ಒಂದೇ ಇದ್ದರೂ ಗುರುತ್ವ ಮಸೂರದಿಂದ ಎರಡಾಗಿ ಕಾಣುತ್ತದೆ ಅಂತ ಓದಿದೆ. ಹಾಗಾದ್ರೆ ನಿಜವಾಗಿಯೂ ಎರಡು ಇದ್ದರೆ ಗೊತ್ತಾಗುವುದು ಹೇಗೆ? ಟೀಚರ್ ಹತ್ರ ಕೇಳಿದ್ದಕ್ಕೆ ನಿಮಗೆ ಬರೆಯಲು ಹೇಳಿದರು.
— ಪ್ಲಸ್ ಟು ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಟೀಚರಿಗೆ ಥ್ಯಾಂಕ್ಸ್ ಹೇಳಿ. ಇದೇ ಪ್ರಶ್ನೆ 1979ರಲ್ಲಿ ದೊಡ್ಡ ದೊಡ್ಡವರ ತಲೆಯನ್ನೂ ತಿಂದಿತ್ತು.

ಕ್ವೇಸಾರ್ ಅಂದ್ರೆ ಗ್ಯಾಲಕ್ಸಿಯ ನಡುವಿನ ಭಾರೀ ಕಪ್ಪುಕುಳಿ ಸುತ್ತಲಿನ ಅನಿಲವನ್ನು ಎಳೆದುಕೊಳ್ಳುವಾಗ ಉರಿಯುವ ಬೆಳಕು. ಆ ವರ್ಷ ಡೆನ್ನಿಸ್ ವಾಲ್ಶ್, ರಾಬರ್ಟ್ ಕಾರ್ಸ್‌ವೆಲ್, ರೇ ವೇಮನ್ ಮೂವರೂ ಅಮೆರಿಕದ ಕಿಟ್ ಪೀಕ್ ವೀಕ್ಷಣಾಲಯದ 2.1 ಮೀಟರ್ ದೂರದರ್ಶಕದಲ್ಲಿ, ಸಪ್ತರ್ಷಿ ಮಂಡಲದ ಕಡೆ ಒತ್ತೊತ್ತಾಗಿದ್ದ ಎರಡು ನೀಲಿ ಚುಕ್ಕೆಗಳ ರೋಹಿತ (ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದ ಪಟ್ಟಿ) ತೆಗೆದರು. ನಡುವಿನ ಅಂತರ ಬರೀ 6 ಆರ್ಕ್‌ಸೆಕೆಂಡ್. ಚಂದ್ರನ ಅಗಲದ ಮುನ್ನೂರನೇ ಒಂದು ಪಾಲು ಅಷ್ಟೆ. ಎರಡೂ ರೋಹಿತಗಳು ಪಡಿಯಚ್ಚು, ರೆಡ್‌ಶಿಫ್ಟ್ (ವಿಶ್ವ ಹಿಗ್ಗುವುದರಿಂದ ಬೆಳಕು ಕೆಂಪಿನ ಕಡೆ ಸರಿದ ಅಳತೆ, ಜಾಸ್ತಿ ಇದ್ದಷ್ಟೂ ದೂರ) ಕೂಡ ಎರಡರದ್ದೂ 1.41. ಆಮೇಲೆ ನಡುವೆ 0.36 ರೆಡ್‌ಶಿಫ್ಟಿನ ಒಂದು ಗ್ಯಾಲಕ್ಸಿ ಸಿಕ್ಕಿತು. ಅದೇ ಮಸೂರ. ಹಿಂದಿನ ಕ್ವೇಸಾರಿನ ಬೆಳಕನ್ನು ಎರಡು ದಾರಿಯಲ್ಲಿ ಬಗ್ಗಿಸಿ ನಮ್ಮ ಕಡೆ ಕಳಿಸುತ್ತಿತ್ತು.

ಅಂದರೆ ಮೊದಲ ಪರೀಕ್ಷೆ ರೋಹಿತ, ಎರಡನೆಯದು ನಡುವಿನ ಗ್ಯಾಲಕ್ಸಿ. ಇಷ್ಟೇ ಸಾಕಾ? ಸಾಕಾಗುವುದಿಲ್ಲ, ಯಾಕಂದ್ರೆ ಒಂದೇ ಕಾಲದಲ್ಲಿ ಹುಟ್ಟಿದ ಎರಡು ಬೇರೆ ಕ್ವೇಸಾರ್‌ಗಳ ರೋಹಿತವೂ ತುಂಬ ಹೋಲಬಹುದು, ಮಸೂರದ ಗ್ಯಾಲಕ್ಸಿ ಮಸುಕಾಗಿದ್ದರೆ ಕಣ್ಣಿಗೇ ಬೀಳದೆ ಇರಬಹುದು. ನನ್ನ ಕೇಳಿದರೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಮೂರನೆಯದು, ತಡ.

ಪುತ್ತೂರಿನಿಂದ ಒಟ್ಟಿಗೆ ಹೊರಟ ಇಬ್ಬರಲ್ಲಿ ಒಬ್ಬ ಪೆರ್ಲ–ಬದಿಯಡ್ಕ ದಾರಿಯಾಗಿ, ಇನ್ನೊಬ್ಬ ಮಂಗಳೂರು ಸುತ್ತಿ ತಲಪಾಡಿ ಮೇಲೆ ಬಂದರೆ ಕಾಸರಗೋಡಿಗೆ ಒಟ್ಟಿಗೆ ಮುಟ್ಟುತ್ತಾರಾ? ಬೆಳಕಿನದ್ದೂ ಅದೇ ಕಥೆ. ಒಂದು ದಾರಿ ಉದ್ದ, ಸಾಲದ್ದಕ್ಕೆ ಗ್ಯಾಲಕ್ಸಿಯ ಹತ್ತಿರ ಹಾದುಹೋಗುವಾಗ ಗುರುತ್ವದಿಂದಾಗಿ ಇನ್ನಷ್ಟು ತಡ. ಹಾಗಾಗಿ ಕ್ವೇಸಾರ್ ಮಿನುಗಿದರೆ ಒಂದು ಬಿಂಬದಲ್ಲಿ ಮೊದಲು ಕಾಣುತ್ತದೆ, ಇನ್ನೊಂದರಲ್ಲಿ ಆಮೇಲೆ. ಈ ಸಪ್ತರ್ಷಿಯ ಜೋಡಿಯ ತಡ ಎಷ್ಟು ಅನ್ನುವುದಕ್ಕೆ ವರ್ಷಗಟ್ಟಲೆ ಜಗಳವಾಯಿತು. ಒಂದು ಬಣ 415 ದಿನದ ಆಸುಪಾಸು ಅಂತ, ಇನ್ನೊಂದು ಬಣ 540 ದಿನದ ಆಸುಪಾಸು ಅಂತ. 1994ರ ಡಿಸೆಂಬರಿನಲ್ಲಿ ಮೊದಲ ಬಿಂಬ ಇದ್ದಕ್ಕಿದ್ದಂತೆ ಮಂಕಾಯಿತು. ಅಮೆರಿಕದ ಒಂದು ತಂಡ, 415 ಸರಿಯಾದ್ರೆ ಎರಡನೆಯದೂ 1996ರ ಫೆಬ್ರವರಿ ಹೊತ್ತಿಗೆ ಇದೇ ರೀತಿ ಮಂಕಾಗಬೇಕು ಅಂತ ಮೊದಲೇ ಹೇಳಿಟ್ಟು ಕಾದು ಕೂತಿತು. ಹೇಳಿದ ಹೊತ್ತಿಗೇ ಮಂಕಾಯಿತು! ಲೆಕ್ಕ ಹಾಕಿದರೆ 417 ದಿನ. ಬೇರೆ ಬೇರೆ ಕ್ವೇಸಾರ್‌ಗಳಾಗಿದ್ದರೆ ಹೀಗೆ ಒಂದು ಇನ್ನೊಂದನ್ನು ಕಾಪಿ ಹೊಡೆಯುತ್ತಿರಲಿಲ್ಲ, ಅಲ್ವಾ?

ನಿಜವಾದ ಜೋಡಿಗಳೂ ಇವೆ. ಎರಡು ಗ್ಯಾಲಕ್ಸಿಗಳು ಡಿಕ್ಕಿಯಾಗುವಾಗ ಎರಡರ ಕಪ್ಪುಕುಳಿಗಳೂ ಉರಿಯಬಹುದು. ಹಾಗಿರುವಾಗ ಎರಡೂ ತಮ್ಮ ಪಾಡಿಗೆ ಮಿನುಗುತ್ತವೆ. 2025ರವರೆಗೆ ನಕ್ಷತ್ರಗಳ ಜಾಗ ಅಳೆಯುತ್ತಿದ್ದ ಗಾಯಾ ಉಪಗ್ರಹಕ್ಕೆ ಇಂಥ ಎರಡೂ ಸೇರಿ ಒಂದೇ ಚುಕ್ಕೆಯಾಗಿ ಕಂಡರೂ ಬೆಳಕಿನ ನಡುಬಿಂದು ಅತ್ತಿತ್ತ ಅಲುಗಿದಂತೆ ಕಾಣುತ್ತಿತ್ತು, ಯಾಕಂದ್ರೆ ಒಮ್ಮೆ ಇದು ಜಾಸ್ತಿ, ಒಮ್ಮೆ ಅದು ಜಾಸ್ತಿ. ಈ ಅಲುಗಾಟ ಹಿಡಿದು ಆರಿಸಿದ ಒಂದನ್ನು, ಜೆ0749+2255 ಅನ್ನುವುದನ್ನು, ಹಬಲ್ ನೋಡಿತು. ನಡುವೆ ಮಸೂರದ ಗ್ಯಾಲಕ್ಸಿ ಇರಲಿಲ್ಲ. 2023ರಲ್ಲಿ ನಿಜವಾದ ಜೋಡಿ ಅಂತ ಪ್ರಕಟವಾಯಿತು.

ಪ್ರಶ್ನೆ: ಇಷ್ಟೆಲ್ಲ ತಡ ಅಳೆದು ಏನು ಪ್ರಯೋಜನ? ಸುಮ್ನೆ ಕುತೂಹಲವಾ?
— ಒಬ್ಬ ಓದುಗರು, ಕುಂಬಳೆ

ಉತ್ತರ: ಕುತೂಹಲವೂ ಹೌದು. ಆದರೆ 1964ರಲ್ಲೇ ನಾರ್ವೆಯ ಸ್ಯೂರ್ ರೆಫ್ಸ್‌ಡಾಲ್ ಒಂದು ಉಪಾಯ ಬರೆದಿಟ್ಟಿದ್ದರು: ತಡ ಗೊತ್ತಾದರೆ ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಅಂತ ಲೆಕ್ಕ ಹಾಕಬಹುದು. ಆರು ಕ್ವೇಸಾರ್‌ಗಳಿಂದ ಲೆಕ್ಕ ಹಾಕಿದ ತಂಡಕ್ಕೆ ಸಿಕ್ಕಿದ್ದು ಸುಮಾರು 73. ವಿಶ್ವದ ಆರಂಭಕಾಲದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕ 67ರ ಹತ್ತಿರ. ಮೂಲಮಾನ ಎರಡಕ್ಕೂ ಒಂದೇ, ಒಂದು ಮೆಗಾಪಾರ್ಸೆಕ್ಕಿಗೆ (ಸುಮಾರು 33 ಲಕ್ಷ ಬೆಳಕಿನ ವರ್ಷ ದೂರಕ್ಕೆ) ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಅಂತ. ಈ ಜಗಳ ಇನ್ನೂ ಮುಗಿದಿಲ್ಲ. ಕಷ್ಟ ಎಲ್ಲಿ ಅಂದ್ರೆ, ಮಸೂರದ ಗ್ಯಾಲಕ್ಸಿಯಲ್ಲಿ ಕಾಣದ ದ್ರವ್ಯ ಹೇಗೆ ಹರಡಿದೆ ಅಂತ ತಿಳಿಯದೆ ಉತ್ತರ ಗಟ್ಟಿಯಾಗುವುದಿಲ್ಲ.

ಇದಕ್ಕೆ ವರ್ಷಗಟ್ಟಲೆ ಮತ್ತೆ ಮತ್ತೆ ನೋಡಬೇಕು. ನಮ್ಮ ಕಡೆ ಜೂನ್ ಬಂದರೆ ಆಕಾಶವೇ ಇಲ್ಲ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿ ಮಳೆಗಾಲದ ಕಾಟ ಕಡಿಮೆ, ಅಲ್ಲಿನ 2 ಮೀಟರ್ ‘ಚಂದ್ರ’ ದೂರದರ್ಶಕವೂ (ವಿಜ್ಞಾನಿ ಚಂದ್ರಶೇಖರ್ ಹೆಸರಿನದು) ಈ ತಡ ಅಳೆಯುವ ಕೆಲಸಕ್ಕೆ ಸೇರಿತ್ತು. ಅದನ್ನು ನಡೆಸುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ, ಉಪಗ್ರಹದ ಮೂಲಕ.

ಪ್ರಶ್ನೆ: ಆ ಸಪ್ತರ್ಷಿಯ ಜೋಡಿ ಪೊಸಡಿಗುಂಪೆಯ ಮೇಲಿಂದ ಕಂಡೀತೇ?
— ಒಬ್ಬ ಓದುಗರು, ಪೈವಳಿಕೆ

ಉತ್ತರ: ಬರಿಗಣ್ಣಿಗೆ ಖಂಡಿತ ಇಲ್ಲ. ಕಾಂತಿಮಾನ ಸುಮಾರು 17 (ಈ ಅಂಕಿ ಜಾಸ್ತಿಯಾದಷ್ಟೂ ಮಸುಕು, ಬರಿಗಣ್ಣಿಗೆ 6ರವರೆಗೆ ಮಾತ್ರ). ಕಣ್ಣಿಟ್ಟು ನೋಡುವುದಾದರೆ 16 ಇಂಚಿನಷ್ಟು ದೊಡ್ಡ ದೂರದರ್ಶಕವೂ ಒಳ್ಳೆ ಕತ್ತಲೆಯೂ ಬೇಕು. ಕ್ಯಾಮೆರಾ ಹಾಕಿದ 8 ಇಂಚಿನದರಲ್ಲಿ ಒಂದರ ಮೇಲೊಂದು ಚಿತ್ರ ತೆಗೆದು ಸೇರಿಸಿದರೆ ಸಿಗುತ್ತದೆ. ಮಾರ್ಚ್ ಕೊನೆಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಉತ್ತರದಲ್ಲಿ ಅರ್ಧ ಎತ್ತರದಲ್ಲಿರುತ್ತದೆ. ಎನ್‌ಜಿಸಿ 3079 ಅನ್ನುವ ಗ್ಯಾಲಕ್ಸಿ ಅದರ ಪಕ್ಕದಲ್ಲೇ ಇದೆ, ಮೊದಲು ಅದನ್ನು ಹುಡುಕಿ.