ಫರಣ್ ಒಗ್ಗರಣೆ ಕಹಿಯಾಗುವುದೇಕೆ?

ಪ್ರಶ್ನೆ: ಬದರಿನಾಥಕ್ಕೆ ಹೋದವರು ‘ಫರಣ್’ ಎಂಬ ಒಣ ಎಲೆಯನ್ನೂ ಒಂದು ಚಿಟಿಕೆ ಬೀಜವನ್ನೂ ತಂದುಕೊಟ್ಟರು. ಒಗ್ಗರಣೆಗೆ ಹಾಕಿದರೆ ಕಹಿ. ಬೀಜವನ್ನು ಕುಂಡದಲ್ಲಿ ಹಾಕಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಫರಣ್ ಅಥವಾ ಜಂಬು ಈರುಳ್ಳಿಯ ಕಾಡುನೆಂಟ, ಸಸ್ಯಶಾಸ್ತ್ರದ ಹೆಸರು ಆಲಿಯಂ ಸ್ಟ್ರಾಚಿಯೈ. ಅಲ್ಲಿಯವರಿಗೆ ಬೇಕಿರುವುದು ಗಡ್ಡೆಯಲ್ಲ, ಎಲೆ ಮತ್ತು ಹೂವು. ಕೂದಲೆಳೆಯಂಥ ಒಣ ಎಲೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಸೀಯುತ್ತದೆ, ಕಹಿ ಅದರದ್ದೇ. ಸಾಸಿವೆ ಜೊತೆ ಹಾಕಬೇಡಿ. ತುಪ್ಪದಲ್ಲಿ ಸಾಸಿವೆ ಸಿಡಿದ ಮೇಲೆ ಒಲೆ ಆರಿಸಿ, ಹತ್ತು ಎಣಿಸಿ, ಆಮೇಲೆ ಕಾಲು ಚಮಚ ಫರಣ್ ಉದುರಿಸಿ. ಹಸಿರು ಕಂದುಬಣ್ಣಕ್ಕೆ ತಿರುಗುವ ಮುನ್ನವೇ ಬೇಳೆಗೆ ಸುರಿಯಿರಿ. ನಾಲ್ಕು ಜನರ ತೊವ್ವೆಗೆ ಅಷ್ಟು ಸಾಕು. ಬಸ್ಸಾರಿಗೆ ಬೇಡ, ಬೆಳ್ಳುಳ್ಳಿ ಇದರ ಘಮವನ್ನು ನುಂಗಿಬಿಡುತ್ತದೆ.

ಬೀಜದ ಮಾತು ಬೇರೆ. ಒದ್ದೆ ಮರಳಿನಲ್ಲಿ ಬೆರೆಸಿ ಫ್ರಿಜ್ಜಿನಲ್ಲಿ (ಫ್ರೀಜರಿನಲ್ಲಲ್ಲ) ನಾಲ್ಕರಿಂದ ಆರು ವಾರ ಇಟ್ಟು, ನವೆಂಬರಿನಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿದರೆ ಮೊಳೆಯಬಹುದು. ಆದರೆ 2500 ಮೀಟರಿಗಿಂತ ಮೇಲೆ, ಹಿಮದಡಿ ಮಲಗೆದ್ದು ಬೆಳೆಯುವ ಗಿಡವಿದು. ನಮ್ಮ ಏಪ್ರಿಲ್ ಬಿಸಿಲು, ಹಿಂದೆಯೇ ಬರುವ ಮಳೆಯ ತೇವಕ್ಕೆ ಬುಡ ಕೊಳೆಯುವುದೇ ಹೆಚ್ಚು. ಹಳೆಯ ಬೀಜವಾದರೆ ಮೊಳಕೆಯೂ ಅನುಮಾನ. ಬದಲಿಗೆ ಕುಂಡಕ್ಕೆ ಬೆಳ್ಳುಳ್ಳಿ ಚೈವ್ಸ್ (ಎಲೆಗಾಗಿ ಬೆಳೆಸುವ, ಬೆಳ್ಳುಳ್ಳಿ ಘಮದ ಈರುಳ್ಳಿ ಜಾತಿಯ ಗಿಡ) ಹಾಕಿ, ಬುಡದಿಂದ ಎರಡು ಬೆರಳು ಬಿಟ್ಟು ಕತ್ತರಿಸುತ್ತಿದ್ದರೆ ಮತ್ತೆ ಮತ್ತೆ ಚಿಗುರುತ್ತದೆ.