ಫ್ರಿಜ್ಜು ಕೆಟ್ಟಿದೆ: ರಿಪೇರಿಯೋ, ಹೊಸದೋ?

ಪ್ರಶ್ನೆ: ನಮ್ಮದು 11 ವರ್ಷದ ಸಿಂಗಲ್ ಡೋರ್ ಫ್ರಿಜ್ಜು, 190 ಲೀಟರಿನದು. ಎರಡು ವಾರದಿಂದ ಮೋಟಾರು ಒಂದೇ ಸಮನೆ ಓಡುತ್ತಿದೆ, ಆದರೂ ಬೆಳಿಗ್ಗೆ ಇಟ್ಟ ಹಾಲು ಸಂಜೆಗೆ ಒಡೆಯುತ್ತದೆ. ನೋಡಲು ಬಂದ ಮೆಕ್ಯಾನಿಕ್ “ಗ್ಯಾಸ್ ಹೋಗಿದೆ, ಕಂಪ್ರೆಸರೂ ಹೋಗಿರಬಹುದು, ಹೊಸದೇ ತಗೊಳ್ಳಿ” ಎಂದರು. ಏನು ಮಾಡುವುದು?
– ಓದುಗರು, ತೀರ್ಥಹಳ್ಳಿ

ಉತ್ತರ: ವಯಸ್ಸಿನ ಮಾತು ಸದ್ಯ ಪಕ್ಕಕ್ಕಿರಲಿ. ಕೆಟ್ಟಿರುವುದು ಗ್ಯಾಸ್ ಹರಿಯುವ ಪೈಪಿನ ಒಳಗೋ ಹೊರಗೋ ಎಂಬುದು ಮೊದಲು ತಿಳಿಯಬೇಕು. ಥರ್ಮೋಸ್ಟಾಟ್, ಮೋಟಾರನ್ನು ಏಳಿಸುವ ರಿಲೇ, ಬಾಗಿಲಿನ ರಬ್ಬರ್ ಪಟ್ಟಿ (ಗ್ಯಾಸ್ಕೆಟ್) ಹೊರಗಿನವು. ಫ್ರಿಜ್ಜಿಗೆ 15 ವರ್ಷವಾಗಿದ್ದರೂ ಇವನ್ನು ಬದಲಾಯಿಸಿದರೆ ನಷ್ಟವಿಲ್ಲ. ಪೈಪು ಕತ್ತರಿಸುವ ಕೆಲಸವಾದರೆ ಮಾತ್ರ ಲೆಕ್ಕ ಹಾಕಬೇಕು.

ಅರ್ಧ ಪತ್ತೆ ಮನೆಯಲ್ಲೇ ಆಗುತ್ತದೆ. ರಾತ್ರಿ ಪ್ಲಗ್ ಕಿತ್ತು, ಬಾಗಿಲು ತೆರೆದಿಟ್ಟು ಐಸೆಲ್ಲ ಕರಗಿಸಿ. ಬೆಳಿಗ್ಗೆ ಖಾಲಿ ಫ್ರಿಜ್ಜನ್ನು ಹಾಕಿ, ಎರಡು-ಮೂರು ಗಂಟೆ ಬಾಗಿಲು ಮುಟ್ಟದೆ, ಆಮೇಲೆ ಐಸ್ ಪೆಟ್ಟಿಗೆಯ ಗೋಡೆ ನೋಡಿ. ಎಲ್ಲ ಕಡೆ ತೆಳ್ಳಗೆ ಸಮನಾಗಿ ಹಿಮ ಕೂತಿದ್ದರೆ ಗ್ಯಾಸ್ ಇದೆ ಎಂದರ್ಥ. ಆಗ ಅನುಮಾನ ಗ್ಯಾಸ್ಕೆಟ್ ಮೇಲೆ. ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಮುಚ್ಚಿ ಎಳೆಯಿರಿ, ಬಿಗಿಯಿಲ್ಲದೆ ಜಾರಿ ಬಂದ ಕಡೆಯಿಂದ ಹೊರಗಿನ ಗಾಳಿ ಒಳಗೆ ಹೋಗುತ್ತಿದೆ. ಒಂದು ಮೂಲೆಯಲ್ಲಿ ಮಾತ್ರ ಅಂಗೈಯಗಲ ಹಿಮ ಕೂತು, ಉಳಿದ ತಗಡು ಬೋಳಾಗಿದ್ದರೆ ಗ್ಯಾಸ್ ಕಡಿಮೆಯಾಗಿದೆ. ಹಿಮವೇ ಇಲ್ಲ, ಹಿಂದಿನ ಕಪ್ಪು ಜಾಲರಿಯೂ ಬೆಚ್ಚಗಾಗಿಲ್ಲ ಎಂದರೆ ಗ್ಯಾಸ್ ಪೂರ್ತಿ ಖಾಲಿಯಾಗಿರಬೇಕು, ಇಲ್ಲವೇ ಗ್ಯಾಸ್ ಹಾಯುವ ತೀರಾ ಸಣ್ಣ ನಳಿಕೆ, ಕ್ಯಾಪಿಲರಿ, ಕಟ್ಟಿಕೊಂಡಿರಬೇಕು. ಕಂಪ್ರೆಸರ್ ಓಡಿಯೂ ಒತ್ತಡ ಕೊಡದೆ ಇರುವುದೂ ಉಂಟು. ಅದನ್ನು ಒತ್ತಡ ಅಳೆಯುವ ಗೇಜ್ ಹಾಕಿಯೇ ಹೇಳಬೇಕು, “ಹೋಗಿರಬಹುದು” ಎಂಬ ಮಾತಿನ ಮೇಲೆ ದುಡ್ಡು ಹಾಕಬೇಡಿ.

ಗ್ಯಾಸ್ ಬಳಸಿದಂತೆ ಸವೆಯುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತು ಬಿದ್ದಿದೆ. ತೂತು ಹುಡುಕದೆ ಗ್ಯಾಸ್ ತುಂಬಿಸಿದರೆ ಅದೂ ಸೋರಿಹೋಗುತ್ತದೆ. ಹಾಗಾಗಿ “ಲೀಕು ಎಲ್ಲಿದೆ, ತೋರಿಸಿ” ಎಂದು ಕೇಳಿ. ಐಸ್ ಕೀಳಲು ಚಾಕು ಹಾಕಿ ಆದ ಗಾಯವಾದರೆ ಕಣ್ಣಿಗೇ ಕಾಣುತ್ತದೆ, ಮುಚ್ಚಬಹುದು. ಕಂಪ್ರೆಸರ್ ಹತ್ತಿರದ ಕಬ್ಬಿಣದ ಪೈಪು ನಮ್ಮ ಕಡೆಯ ತೇವಕ್ಕೆ ತುಕ್ಕು ತಿಂದಿದ್ದರೆ ಅದನ್ನೂ ಸರಿಮಾಡಬಹುದು. ಆದರೆ ಎರಡೂ ಪಕ್ಕದ ಗೋಡೆಯೊಳಗೆ, ಫೋಮಿನ ಮಧ್ಯೆ ಹುದುಗಿರುವ ಪೈಪು ಸೋರುತ್ತಿದ್ದರೆ ಆ ಫ್ರಿಜ್ಜಿನ ಆಸೆ ಬಿಡಿ.

ಸರಿಮಾಡಿಸುವುದಾದರೆ ಎರಡು ಕೆಲಸದಲ್ಲಿ ರಾಜಿ ಬೇಡ. ಒಂದು, ಪೈಪಿನೊಳಗಿನ ತೇವ, ಕಸ ಹಿಡಿಯುವ ಫಿಲ್ಟರ್ ಡ್ರೈಯರ್ ಹೊಸದಾಗಬೇಕು. ಇನ್ನೊಂದು, ವ್ಯಾಕ್ಯೂಮ್ ಪಂಪಿನಲ್ಲಿ ಕನಿಷ್ಠ ಅರ್ಧ ಗಂಟೆ ಎಳೆಯಬೇಕು. ಜುಲೈ ತಿಂಗಳಿನ ಮಲೆನಾಡಿನಲ್ಲಿ ತೆರೆದ ಪೈಪಿಗೆ ಗಾಳಿಯ ಜೊತೆ ನೀರೂ ನುಗ್ಗುತ್ತದೆ. ಆ ನೀರು ಕ್ಯಾಪಿಲರಿಯ ಬಾಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಫ್ರಿಜ್ಜು ಆಫ್ ಮಾಡಿ ಗಂಟೆ ಬಿಟ್ಟು ಹಾಕಿದರೆ ತಂಪಾಗಿ, ಮತ್ತೆ ನಿಂತುಹೋಗುತ್ತಿದ್ದರೆ ಕಾರಣ ಇದೇ. ಗ್ಯಾಸ್ ಯಾವುದು, ಎಷ್ಟು ಗ್ರಾಂ ಎಂದು ಹಿಂದಿನ ಲೇಬಲ್ಲಿನಲ್ಲಿ ಇರುತ್ತದೆ. ಆರ್-600ಎ ಆದರೆ ಈ ಗಾತ್ರದ್ದಕ್ಕೆ ಬೇಕಾಗುವುದು ಸ್ವಲ್ಪವೇ, ತೂಗಿಯೇ ತುಂಬಬೇಕು. ಇದು ಹೊತ್ತಿಕೊಳ್ಳುವ ಗ್ಯಾಸ್. ಒಲೆ ಆರಿಸಿ, ಕಿಟಕಿ ತೆಗೆದು, ಪೈಪಿನಲ್ಲಿದ್ದದ್ದನ್ನು ಹೊರಗೆ ಬಿಟ್ಟ ಮೇಲೆಯೇ ಬೆಸುಗೆಯ ಬೆಂಕಿ ಹಚ್ಚಬೇಕು. ಅದರ ಜಾಗಕ್ಕೆ ಆರ್-134ಎ ತುಂಬಲು ಒಪ್ಪಬೇಡಿ, ಆ ಕಂಪ್ರೆಸರ್ ಅದಕ್ಕೆ ಮಾಡಿದ್ದಲ್ಲ.

ಕಂಪ್ರೆಸರನ್ನೇ ಬದಲಾಯಿಸಬೇಕು, ಮೇಲೆ ಗ್ಯಾಸ್, ಡ್ರೈಯರ್ ಎಂದಾಗಿ ಖರ್ಚು ಹೊಸ ಫ್ರಿಜ್ಜಿನ ಅರ್ಧ ಬೆಲೆ ಮುಟ್ಟಿದರೆ, 11 ವರ್ಷದ ಪೆಟ್ಟಿಗೆಗೆ ಹಾಕಬೇಡಿ. ತೀರ್ಮಾನ ತಡಮಾಡಲೂ ಬೇಡಿ. 100 ವಾಟಿನ ಮೋಟಾರು 24 ಗಂಟೆ ಓಡಿದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ.

ಪ್ರಶ್ನೆ: ಸಂಜೆ ಹೊತ್ತು ಫ್ರಿಜ್ಜಿನ ಹಿಂದೆ ‘ಟಿಕ್’ ಎಂದು ಸದ್ದು. ಮೋಟಾರು ಗುಂಯ್ ಎಂದು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಕಂಪ್ರೆಸರ್ ಸುಟ್ಟಿದೆಯೇ?
– ಓದುಗರು, ಕೊಪ್ಪ

ಉತ್ತರ: ಸಂಜೆ ಮಾತ್ರ ಎಂದರೆ ಮೊದಲು ವೋಲ್ಟೇಜ್ ನೋಡಿ. ತೋಟಗಳ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವಾಗ ಲೈನಿನಲ್ಲಿ ಇಳಿಯುತ್ತದೆ. ಪ್ಲಗ್ಗಿನಲ್ಲಿ 180ಕ್ಕಿಂತ ಕೆಳಗಿದ್ದರೆ ಒಳ್ಳೆಯ ಕಂಪ್ರೆಸರೂ ಏಳದೆ ಇರಬಹುದು. ಏಳಲಾಗದೆ ಬಿಸಿಯಾದಾಗ ಅದನ್ನು ಉಳಿಸಲು ಓಎಲ್‌ಪಿ (ಓವರ್‌ಲೋಡ್ ಪ್ರೊಟೆಕ್ಟರ್) ಕರೆಂಟು ಕಡಿದುಹಾಕುವ ಸದ್ದೇ ಆ ‘ಟಿಕ್’. ಕರೆಂಟು ಬಂದ ಮೂರು ನಿಮಿಷದ ಮೇಲೆ ಫ್ರಿಜ್ಜಿಗೆ ಬಿಡುವ ಸ್ಟೆಬಿಲೈಜರ್ ಹಾಕಿ.

ವೋಲ್ಟೇಜ್ ಸರಿಯಿದ್ದರೂ ‘ಟಿಕ್’ ನಿಲ್ಲದಿದ್ದರೆ ಪ್ಲಗ್ ಕಿತ್ತು ರಿಲೇ ತೆಗೆಸಿ ಅಲ್ಲಾಡಿಸಿ. ಒಳಗೆ ಪುಡಿ ಗಲಗಲ ಎಂದರೆ ರಿಲೇ ಒಡೆದಿದೆ. ಇರುವೆ ಸೇರಿಕೊಂಡು ಕೆಡಿಸುವುದೂ ಇದೆ. ರಿಲೇ, ಓಎಲ್‌ಪಿ ಎರಡೂ ಕೆಲವು ನೂರು ರೂಪಾಯಿಯ ಕೆಲಸ. ಆಮೇಲೂ ಏಳದಿದ್ದರೆ ಕಂಪ್ರೆಸರಿನ ಮೂರು ಪಿನ್ನುಗಳ ನಡುವೆ ಮಲ್ಟಿಮೀಟರ್ ಹಿಡಿಯಲಿ: ಎರಡು ಚಿಕ್ಕ ಓಮ್‌ಗಳ ಮೊತ್ತ ಮೂರನೆಯದಕ್ಕೆ ಸಮ ಬರಬೇಕು. ಲೆಕ್ಕ ತಾಳೆಯಾಗದಿದ್ದರೆ, ಇಲ್ಲವೇ ಯಾವುದಾದರೂ ಪಿನ್ನಿನಿಂದ ಕಂಪ್ರೆಸರಿನ ಲೋಹದ ಮೈಗೆ ಓಮ್ ತೋರಿಸಿದರೆ ಮಾತ್ರ ‘ಸುಟ್ಟಿದೆ’ ಎಂದು ನಂಬಿ, ಹಾಗಾದಲ್ಲಿ ಮತ್ತೆ ಪ್ಲಗ್ ಹಾಕಬೇಡಿ, ಶಾಕ್ ಹೊಡೆಯಬಹುದು.

ಪ್ರಶ್ನೆ: ಆರು ವರ್ಷದ ಡಬಲ್ ಡೋರ್. ಮೇಲೆ ಐಸ್ ಆಗುತ್ತದೆ, ಕೆಳಗೆ ದೋಸೆ ಹಿಟ್ಟು ಹುಳಿಯಾಗುತ್ತದೆ. ಹೊಸದು ತರಲೇ?
– ಓದುಗರು, ಸಾಗರ

ಉತ್ತರ: ಬೇಡ. ಇಂಥ ಫ್ರಾಸ್ಟ್ ಫ್ರೀ (ಐಸನ್ನು ತಾನೇ ಕರಗಿಸಿಕೊಳ್ಳುವ) ಫ್ರಿಜ್ಜಿನಲ್ಲಿ ಮೇಲಿನ ಕಾಯಿಲ್ಲಿನ ತಂಪನ್ನು ಫ್ಯಾನು ಕೆಳಕ್ಕೆ ತಳ್ಳುತ್ತದೆ. ಕಾಯಿಲ್ ಐಸಿನಲ್ಲಿ ಮುಚ್ಚಿಹೋದರೆ ಗಾಳಿ ಹಾಯುವುದಿಲ್ಲ. ಒಂದು ದಿನ ಪೂರ್ತಿ ಆಫ್ ಮಾಡಿ, ಬಾಗಿಲು ತೆರೆದು, ಕೆಳಗೆ ಗೋಣಿ ಹಾಸಿ. ಆಮೇಲೆ ನಾಲ್ಕೈದು ದಿನ ಚೆನ್ನಾಗಿದ್ದು ಮತ್ತೆ ಹಾಗೇ ಆದರೆ ಐಸ್ ಕರಗಿಸುವ ಡಿಫ್ರಾಸ್ಟ್ ಹೀಟರ್, ಅದರ ಬಿಸಿ ನೋಡಿಕೊಳ್ಳುವ ಬೈಮೆಟಲ್, ಥರ್ಮಲ್ ಫ್ಯೂಸ್ ಇವುಗಳಲ್ಲಿ ಒಂದು ಹೋಗಿದೆ, ಇಲ್ಲವೇ ಟೈಮರ್. ಎಲ್ಲವೂ ಬಿಡಿಯಾಗಿ ಸಿಗುತ್ತವೆ, ಗ್ಯಾಸ್ ಪೈಪು ಮುಟ್ಟಬೇಕಿಲ್ಲ. ಬಿಚ್ಚಿದಾಗಲೇ ನೀರಿಳಿಯುವ ತೂತಿಗೆ ಬಿಸಿನೀರು ಹೊಯ್ಯಿಸಿ. ಹಿಂದಿನ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ ತೊಳೆಯಿರಿ, ಡೆಂಗಿಯ ಸೊಳ್ಳೆ ಅಲ್ಲೂ ಮೊಟ್ಟೆ ಇಡುತ್ತದೆ.